ಪೈಠಣದ ಸಭೆಯೂ ತಾಯ್ತಂದೆಯರ ಸಂಘವೂ

೧

ಗೋದಾವರಿಯ ದಡದ ಪೈಠಣವೆಂದೊಡನೆ ಕನ್ನಡದ ಸಂಶೋಧಕನಿಗೆ ನೆನಪಾಗುವುದು ಶಾತವಾಹನರ ಪ್ರತಿಷ್ಠಾನನಗರ. ಹಾಲನ ಗಾಥಾಸಂಗ್ರಹವೂ ಗುಣಾಢ್ಯನ ಬೃಹತ್ಕಥೆಯೂ ಆ ಹೆಸರಿನೊಡನೆ ಹೆಣೆದುಕೊಂಡಿವೆ. ವಾರಕರಿ ಭಕ್ತನಿಗೆ ಅದು ಏಕನಾಥನ ಊರು. ಸೀರೆಯ ಸೆರಗನ್ನು ಬಲ್ಲ ಗೃಹಿಣಿಗೆ ಪೈಠಣಿಯ ಊರು. ಇಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ತಾಲ್ಲೂಕು ಕೇಂದ್ರವಾಗಿರುವ ಈ ಊರನ್ನು ಸುತ್ತಿಕೊಂಡು ಬೆಳೆದ ಐತಿಹ್ಯಗಳು ಹಲವು. ಅವುಗಳಲ್ಲಿ ಮೂರು ಇಲ್ಲಿ ಪ್ರಸ್ತುತವಾಗಿವೆ: ಕಲಿಯಲಾರದ ಅರಸನ ಕಥೆ, ಶುದ್ಧಿಪತ್ರ ಬೇಡಿದ ಮಕ್ಕಳ ಕಥೆ, ಬಿಸಿಮರಳಿನಲ್ಲಿ ಅಳುತ್ತಿದ್ದ ಕೂಸಿನ ಕಥೆ. ಮೊದಲನೆಯದನ್ನು ವ್ಯಾಕರಣದ ಚರಿತ್ರೆಯಲ್ಲಿಯೂ ಉಳಿದೆರಡನ್ನು ಭಕ್ತಿಪಂಥದ ಚರಿತ್ರೆಯಲ್ಲಿಯೂ ಓದುವುದು ವಾಡಿಕೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಒಡಲಲ್ಲಿ ಒಂದೇ ಪ್ರಶ್ನೆ ಅಡಗಿರುವುದು ಗೋಚರವಾಗುತ್ತದೆ. ಸಮಾಜದ ಅಚ್ಚಿಗೆ ಹೊಂದದ ಕೂಸೊಂದು ಹುಟ್ಟಿದಾಗ ಬದಲಾಗಬೇಕಾದದ್ದು ಕೂಸೋ, ಹೆತ್ತವರೋ, ಅಚ್ಚೋ?

ವಿಕಲಚೇತನ ಮಕ್ಕಳ ತಾಯ್ತಂದೆಯರು ಸಂಘ ಕಟ್ಟಿಕೊಂಡು ರಾಜ್ಯಾಧಿಕಾರದೆದುರು ನ್ಯಾಯ ಕೇಳುವುದು ಈ ಕಾಲದ ಬೆಳವಣಿಗೆ. ಅದರ ವಿಚಾರ ಸಮಾಜಸೇವೆಯ ವರದಿಗಳಲ್ಲಿ ಬರುತ್ತದೆ. ಸಾಹಿತ್ಯವಿಮರ್ಶೆಯಲ್ಲಿ ಬರುವುದು ಅಪರೂಪ. ಆದರೆ ಆ ತಾಯ್ತಂದೆಯರು ಎದುರಿಸಬೇಕಾಗಿರುವ ಮನೋಭಾವವನ್ನು ಬಹುಮಟ್ಟಿಗೆ ರೂಪಿಸಿದವು ಕಥೆಗಳೇ. ಆದುದರಿಂದ ಕಥೆಗಳ ಪರಿಶೀಲನೆಯಿಂದಲೇ ತೊಡಗುವುದು ಯುಕ್ತ.

೨

ಮೊದಲನೆಯ ಕಥೆ ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ಪ್ರತಿಷ್ಠಾನದ ಸಾತವಾಹನ ಅರಸನು ರಾಣಿಯರೊಡನೆ ಜಲಕ್ರೀಡೆಯಲ್ಲಿರುವಾಗ ರಾಣಿಯೊಬ್ಬಳು ನೀರೆರಚಬೇಡವೆಂದು ಸಂಸ್ಕೃತದಲ್ಲಿ ಹೇಳುತ್ತಾಳೆ. ಸಂಧಿ ಬಿಡಿಸಲರಿಯದ ಅರಸ ಆ ಮಾತನ್ನು ಮೋದಕವೆಂದು ತಿಳಿದು ಭಕ್ಷ್ಯಗಳನ್ನು ತರಿಸುತ್ತಾನೆ. ರಾಣಿ ನಗುತ್ತಾಳೆ, ಪರಿವಾರ ನಗುತ್ತದೆ. ಅರಸ ಊಟವನ್ನೂ ಮಾತನ್ನೂ ತೊರೆದು ಮಲಗಿಬಿಡುತ್ತಾನೆ. ವ್ಯಾಕರಣಕ್ಕೆ ಹನ್ನೆರಡು ವರ್ಷ ಬೇಕು, ತಾನಾದರೆ ಆರು ವರ್ಷದಲ್ಲಿ ಕಲಿಸಬಲ್ಲೆನೆಂದು ಗುಣಾಢ್ಯ ಹೇಳುತ್ತಾನೆ. ಆರು ತಿಂಗಳು ಸಾಕೆಂದು ಶರ್ವವರ್ಮ ಮುಂದೆ ಬರುತ್ತಾನೆ. ಅದು ಆಗದ ಮಾತೆಂದು ಗುಣಾಢ್ಯ ಪಣ ತೊಡುತ್ತಾನೆ. ಶರ್ವವರ್ಮನು ಕುಮಾರಸ್ವಾಮಿಯ ಅನುಗ್ರಹದಿಂದ ಕಾತಂತ್ರವೆಂಬ ಕಿರಿಯ ವ್ಯಾಕರಣವನ್ನು ಪಡೆದು ತನ್ನ ಮಾತನ್ನು ಉಳಿಸಿಕೊಳ್ಳುತ್ತಾನೆ. ಸೋತ ಗುಣಾಢ್ಯ ಮೂರು ಭಾಷೆಗಳನ್ನು ತೊರೆದು ವಿಂಧ್ಯದ ಕಾಡಿಗೆ ಹೋಗುತ್ತಾನೆ.

ಕಥೆಯ ಚರಿತ್ರಾಂಶವೇನೇ ಇರಲಿ, ಅದರ ತಿರುಳು ಗಮನಾರ್ಹ. ಅರಸನ ಬುದ್ಧಿಯನ್ನು ಯಾರೂ ತಿದ್ದಲಿಲ್ಲ, ತಿದ್ದಿದ್ದು ಪುಸ್ತಕವನ್ನು. ಕಲಿಯುವವನಿಗೆ ಶಾಸ್ತ್ರ ಎಟುಕದಿದ್ದರೆ ಶಾಸ್ತ್ರವನ್ನೇ ಕೆಳಗಿಳಿಸಬೇಕೆಂಬ ತತ್ತ್ವ ಇಲ್ಲಿದೆ. ಹಾಗೆ ಇಳಿಸಿದ ಗ್ರಂಥ ಹೀನವಾಗಲಿಲ್ಲವೆಂಬುದಕ್ಕೆ ಕನ್ನಡವೇ ಸಾಕ್ಷಿ: ನಾಗವರ್ಮನ ಭಾಷಾಭೂಷಣ, ಕೇಶಿರಾಜನ ಶಬ್ದಮಣಿದರ್ಪಣ ಮೊದಲಾದ ವ್ಯಾಕರಣಗಳ ಮೇಲೆ ಕಾತಂತ್ರದ ಪ್ರಭಾವ ಬಿದ್ದಿರುವುದನ್ನು ವಿದ್ವಾಂಸರು ತೋರಿಸಿದ್ದಾರೆ. ಒಬ್ಬ ಮಂದನಿಗಾಗಿ ತೆರೆದ ಬಾಗಿಲಿನಿಂದ ಒಂದು ನಾಡಿನ ವೈಯಾಕರಣರು ಒಳಗೆ ಬಂದರು.

ಆದರೆ ಈ ಔದಾರ್ಯಕ್ಕೆ ಒಂದು ಕಟ್ಟಳೆಯುಂಟು. ಅಲ್ಲಿ ಕಲಿಯಲಾರದವನು ಅರಸನೇ ಆಗಿದ್ದನು. ಅವನಿಗಾಗಿ ಗುರುಗಳು ಪೈಪೋಟಿ ನಡೆಸಿದರು. ಇದರ ಪಕ್ಕದಲ್ಲಿ ಪಂಚತಂತ್ರದ ಮುನ್ನುಡಿಯ ಕಥೆಯನ್ನಿಟ್ಟು ನೋಡಬೇಕು. ಅಮರಶಕ್ತಿಯೆಂಬ ಅರಸನಿಗೆ ಮೂವರು ಮಂದಮತಿಗಳಾದ ಮಕ್ಕಳು. ಹುಟ್ಟದ ಮಗ, ಸತ್ತ ಮಗ, ಮೂರ್ಖನಾದ ಮಗ ಎಂಬ ಮೂವರಲ್ಲಿ ಮೊದಲಿಬ್ಬರೇ ವಾಸಿ, ಅವರ ದುಃಖ ಅಲ್ಪಕಾಲದ್ದು, ಮೂರನೆಯವನ ದುಃಖ ಬದುಕಿರುವವರೆಗೂ ಸುಡುತ್ತದೆ ಎಂಬ ನೀತಿಯನ್ನು ಆ ತಂದೆ ನೆನೆಯುತ್ತಾನೆ. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ವಸುಭಾಗಭಟ್ಟನ ಪರಂಪರೆಯಿಂದ ಪಂಚತಂತ್ರವನ್ನು ಕನ್ನಡಕ್ಕೆ ತಂದನಾದ್ದರಿಂದ ಈ ಕಥಾಚಕ್ರ ಕನ್ನಡಿಗರಿಗೆ ಹೊಸದಲ್ಲ. ವಿಷ್ಣುಶರ್ಮನೂ ಆರೇ ತಿಂಗಳ ಗಡುವು ಹಾಕಿಕೊಂಡು ಮಕ್ಕಳನ್ನು ಜಾಣರನ್ನಾಗಿ ಮಾಡುತ್ತಾನೆ; ಕಥೆ ಮಂಗಳವಾಗಿ ಮುಗಿಯುತ್ತದೆ.

ಎರಡು ಕಥೆಗಳ ಮಂಗಳಕ್ಕೂ ಆಧಾರವೊಂದೇ: ಮಂದನು ಕೊನೆಗೆ ಮಂದನಾಗಿ ಉಳಿಯುವುದಿಲ್ಲ. ಆರು ತಿಂಗಳಾದರೂ, ಅರುವತ್ತು ವರ್ಷವಾದರೂ ಜಾಣನಾಗದ ಮಗುವಿನ ಬಗೆಗೆ ಪರಂಪರೆಯ ಬಳಿ ಕಥೆಯಿಲ್ಲ. ತಂದೆ ನೆನೆದ ಆ ಕ್ರೂರವಾದ ನೀತಿಯೊಂದೇ ಇದೆ. ಮಗುವಿನ ಸಾವನ್ನೇ ವಾಸಿಯೆಂದು ಎಣಿಸುವ ಆ ಮಾತು ಪುಸ್ತಕದಲ್ಲಿ ಉಳಿಯಲಿಲ್ಲ. ನೆರೆಹೊರೆಯವರ ಸಾಂತ್ವನದ ಮಾತಾಗಿ, ನೆಂಟರ ನಿಟ್ಟುಸಿರಾಗಿ ಅದು ಇಂದಿಗೂ ಇಂಥ ಮನೆಗಳ ಹೊಸ್ತಿಲು ದಾಟುತ್ತದೆ.

೩

ಎರಡನೆಯ ಕಥೆ ಮಹಾರಾಷ್ಟ್ರದಲ್ಲಿ ಮನೆಮನೆಗೂ ತಿಳಿದದ್ದು. ಪೈಠಣದ ನೆರೆಯ ಆಪೇಗಾವದ ವಿಠ್ಠಲಪಂತ ಕಾಶಿಗೆ ಹೋಗಿ ಸಂನ್ಯಾಸ ಸ್ವೀಕರಿಸಿದನು. ಅವನ ಹೆಂಡತಿ ರುಕ್ಮಿಣಿ ಆಳಂದಿಯಲ್ಲಿ ಕಾಯುತ್ತಿರುವಳೆಂದು ತಿಳಿದ ಗುರು ಅವನನ್ನು ಗೃಹಸ್ಥಾಶ್ರಮಕ್ಕೆ ಹಿಂದಿರುಗಿಸಿದನು. ಆಮೇಲೆ ಹುಟ್ಟಿದ ನಿವೃತ್ತಿ, ಜ್ಞಾನದೇವ, ಸೋಪಾನ, ಮುಕ್ತಾಬಾಯಿ ಎಂಬ ನಾಲ್ವರು ಸಂನ್ಯಾಸಿಯ ಮಕ್ಕಳೆಂದು ಬಹಿಷ್ಕೃತರಾದರು. ಮಕ್ಕಳ ಉಪನಯನದ ಕಾಲಕ್ಕೆ ತಂದೆ ಶಾಸ್ತ್ರಜ್ಞರ ಮೊರೆಹೊಕ್ಕಾಗ ದೊರೆತ ಉತ್ತರ ದೇಹಾಂತ ಪ್ರಾಯಶ್ಚಿತ್ತ. ಗಂಡಹೆಂಡಿರು ಪ್ರಯಾಗದಲ್ಲಿ ನೀರಿಗೆ ದೇಹವನ್ನು ಒಪ್ಪಿಸಿದರೆಂದು ಐತಿಹ್ಯ. ಬಳಿಕ ಅನಾಥರಾದ ಮಕ್ಕಳು ಶುದ್ಧಿಪತ್ರವನ್ನು ಬೇಡಿ ಪೈಠಣದ ಪಂಡಿತಸಭೆಗೆ ಬಂದರು. ಅಲ್ಲಿ ಜ್ಞಾನದೇವ ಕೋಣದ ಬಾಯಿಂದ ವೇದವನ್ನು ನುಡಿಸಿದನು. ಸಂಪ್ರದಾಯ ಇದಕ್ಕೆ ಕೊಡುವ ಕಾಲ ಶಕ ೧೨೦೯, ಅಂದರೆ ಕ್ರಿ.ಶ. ೧೨೮೭. ಮೂರು ವರ್ಷಗಳ ಬಳಿಕ, ೧೨೯೦ರಲ್ಲಿ, ನೇವಾಸೆಯಲ್ಲಿ ಜ್ಞಾನೇಶ್ವರಿ ಪೂರ್ಣವಾಯಿತು. ೧೭೬೨ರ ಮಹೀಪತಿಯ ಭಕ್ತವಿಜಯದಿಂದ ಈ ವೃತ್ತಾಂತಕ್ಕೆ ಇನ್ನಷ್ಟು ಪ್ರಚಾರ ದೊರೆಯಿತು.

ಆ ಮಕ್ಕಳು ವಿಕಲಾಂಗರಲ್ಲ. ಅವರ ಮೇಲಿದ್ದುದು ಹುಟ್ಟಿನ ಕಳಂಕವೆಂಬ ಆರೋಪ ಮಾತ್ರ. ಈ ಭೇದವನ್ನು ಮರೆಯಲಾಗದು. ಆದರೆ ಮಗುವನ್ನು ಹೊರಗಿಡುವ ಸಮಾಜದ ಯಂತ್ರ ಎರಡು ಕಡೆಯೂ ಒಂದೇ ರೀತಿಯಲ್ಲಿ ತಿರುಗುತ್ತದೆ. ಮಗುವಿನ ಸ್ಥಿತಿಗೆ ತಾಯ್ತಂದೆಯರ ಪಾಪವೇ ಕಾರಣವೆಂದು ಮೊದಲು ತೀರ್ಮಾನವಾಗುತ್ತದೆ. ಆ ಬಳಿಕ ಮಗುವಿನ ಪ್ರವೇಶಕ್ಕೆ ಒಂದು ಪತ್ರ ಬೇಕೆಂದು ವಿಧಿಯಾಗುತ್ತದೆ.

ಭಕ್ತಚರಿತಕಾರರು ಈ ವೃತ್ತಾಂತವನ್ನು ಕಥಾನಾಯಕನ ಮಹಿಮೆಗಾಗಿ ಹೇಳಿದ್ದಾರೆ. ಅದು ಅವರ ಉದ್ದೇಶಕ್ಕೆ ತಕ್ಕದ್ದೇ. ಆದರೆ ವಿಮರ್ಶಕನು ಕೇಳಲೇಬೇಕಾದ ಮೂರು ಪ್ರಶ್ನೆಗಳು ಅಲ್ಲಿ ಉಳಿದಿವೆ. ತಾಯ್ತಂದೆಯರ ಪ್ರಾಯಶ್ಚಿತ್ತ ಪೂರ್ಣವಾಗಿದ್ದರೆ ಮಕ್ಕಳು ಮತ್ತೆ ಪೈಠಣದವರೆಗೆ ನಡೆಯಬೇಕಾದದ್ದೇಕೆ? ಎರಡು ಜೀವಗಳನ್ನು ಪಡೆದೂ ಶಾಸ್ತ್ರವು ಒಂದು ಪತ್ರವನ್ನು ಕೊಡಲಿಲ್ಲ. ಹೆತ್ತವರ ತ್ಯಾಗ ಮಕ್ಕಳ ಹಕ್ಕಾಗಿ ಮಾರ್ಪಡಲಿಲ್ಲ. ಎರಡನೆಯದಾಗಿ, ಕೋಣವನ್ನು ನುಡಿಸಲಾರದ ಮಗು ಆ ಸಭೆಗೆ ಬಂದಿದ್ದರೆ ಏನಾಗುತ್ತಿತ್ತು? ಸಾಮಾನ್ಯರಿಗೆ ಹುಟ್ಟಿನಿಂದಲೇ ದೊರೆಯುವುದನ್ನು ಪಡೆಯಲು ಈ ಮಕ್ಕಳು ಅಸಾಮಾನ್ಯರಾಗಬೇಕಾಯಿತು. ಕಣ್ಣಿಲ್ಲದವನು ಸಂಗೀತಗಾರನಾದರೆ, ಕಾಲಿಲ್ಲದವಳು ಶಿಖರವೇರಿದರೆ ಮಾತ್ರ ಮೆಚ್ಚುವ ಇಂದಿನ ವೃತ್ತಪತ್ರಿಕೆಯ ಅಭ್ಯಾಸದಲ್ಲಿ ಅದೇ ಕೋಣ ಇನ್ನೂ ವೇದ ಹೇಳುತ್ತಿದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ವಿಠ್ಠಲಪಂತ ಒಂಟಿಯಾಗಿಯೇ ಸಭೆಯ ಮುಂದೆ ನಿಂತನು. ತನ್ನಂತೆ ನೊಂದ ಇನ್ನೊಂದು ಮನೆಯ ಬಾಗಿಲನ್ನು ಅವನು ತಟ್ಟಿದ ಪ್ರಸಂಗ ಕಥೆಯಲ್ಲಿಲ್ಲ. ಸಭೆಯಲ್ಲಿ ಹಲವರು, ಮೊರೆಯಿಡುವವನು ಒಬ್ಬನು. ಈ ಲೆಕ್ಕದಲ್ಲಿಯೇ ತೀರ್ಪು ಅಡಗಿತ್ತು.

೪

ಲೆಕ್ಕ ಬದಲಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ೧೯೪೬ರಲ್ಲಿ ಇಂಗ್ಲೆಂಡಿನ ಜೂಡಿ ಫ್ರೈಡ್ ಎಂಬ ತಾಯಿ ಶಿಶುಪಾಲನೆಯ ಪತ್ರಿಕೆಯೊಂದಕ್ಕೆ ಪತ್ರ ಬರೆದು ತನ್ನಂಥ ತಾಯ್ತಂದೆಯರನ್ನು ಒಟ್ಟುಗೂಡಿಸಿದಳು. ಆ ಸಂಘವೇ ಮುಂದೆ ಮೆನ್‌ಕ್ಯಾಪ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ೧೯೫೦ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇಂಥದೇ ರಾಷ್ಟ್ರೀಯ ಸಂಘ ಹುಟ್ಟಿತು. ಅಲ್ಲಿಯ ಪೆನ್ಸಿಲ್ವೇನಿಯಾ ರಾಜ್ಯದ ತಾಯ್ತಂದೆಯರ ಸಂಘ ೧೯೭೧ರಲ್ಲಿ ನ್ಯಾಯಾಲಯಕ್ಕೆ ಹೋಗಿ, ಬುದ್ಧಿಮಾಂದ್ಯವುಳ್ಳ ಮಕ್ಕಳಿಗೂ ಸಾರ್ವಜನಿಕ ಶಾಲೆಯ ಶಿಕ್ಷಣ ದೊರೆಯುವಂತೆ ಮಾಡಿತು. ೧೯೭೫ರ ರಾಷ್ಟ್ರೀಯ ಶಾಸನಕ್ಕೆ ಅದು ದಾರಿಯಾಯಿತು.

ಭಾರತದಲ್ಲಿ ತಾಯ್ತಂದೆಯರು ಮೊದಲು ಕಟ್ಟಿದ್ದು ಶಾಲೆಗಳನ್ನು. ಮುಂಬಯಿಯಲ್ಲಿ ೧೯೪೪ರಲ್ಲಿ ವಕೀಲ್ ದಂಪತಿ ತಮ್ಮ ಮಗಳಿಗಾಗಿ ತೊಡಗಿದ ಶಾಲೆ ಜೈ ವಕೀಲ್ ಹೆಸರಿನಲ್ಲಿ ಬೆಳೆಯಿತು. ೧೯೭೨ರಲ್ಲಿ ಮಿಥು ಅಲೂರ್ ತಮ್ಮ ಮಗಳ ನಿಮಿತ್ತವಾಗಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಇವು ಶರ್ವವರ್ಮನ ಮಾರ್ಗದ ಸಾಧನೆಗಳು: ಮಗುವಿಗೆ ತಕ್ಕ ಪುಸ್ತಕವನ್ನು ಬರೆದುಕೊಳ್ಳುವುದು. ಆದರೆ ಸ್ವಂತ ಶಾಲೆ ಕಟ್ಟಲಾರದ ತಾಯ್ತಂದೆಯರ ಸಂಖ್ಯೆಯೇ ದೊಡ್ಡದು. ಊರೂರಿನ ತಾಯ್ತಂದೆಯರ ಸಂಘಗಳು ೧೯೯೫ರಲ್ಲಿ ಪರಿವಾರ್ ಎಂಬ ರಾಷ್ಟ್ರೀಯ ಒಕ್ಕೂಟವಾಗಿ ಸೇರಿದಾಗ ಬೇಡಿಕೆಯ ಸ್ವರೂಪವೂ ಬದಲಾಯಿತು. ದಯೆಯ ಜಾಗದಲ್ಲಿ ಶಾಸನದ ಮಾತು ಬಂದಿತು.

ಆ ಬೇಡಿಕೆಗಳ ಹಿಂದೆ ಪ್ರತಿಯೊಂದು ಮನೆಯಲ್ಲಿಯೂ ಇರುಳು ಕೇಳಿಬರುವ ಒಂದೇ ಮಾತಿದೆ: ತಾವು ಹೋದ ಮೇಲೆ ಈ ಮಗುವಿಗೆ ಯಾರು? ಪಂಚತಂತ್ರದ ತಂದೆ ಮಗುವಿನ ಸಾವನ್ನು ವಾಸಿಯೆಂದನು. ಈ ತಾಯ್ತಂದೆಯರು ಅಂಜುವುದು ತಮ್ಮ ಸಾವಿಗೆ. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯಗಳುಳ್ಳವರಿಗಾಗಿ ರಚಿತವಾದಾಗ, ತಾಯ್ತಂದೆಯರ ಮರಣಾನಂತರದ ಪಾಲನೆಯನ್ನು ತನ್ನ ಉದ್ದೇಶಗಳಲ್ಲಿ ಒಂದೆಂದು ಬರೆದುಕೊಂಡಿತು. ನ್ಯಾಸದ ಮಂಡಲಿಯಲ್ಲಿ ತಾಯ್ತಂದೆಯರ ಸಂಘಗಳಿಗೆ ಮೂರು ಸ್ಥಾನಗಳನ್ನು ಕೊಟ್ಟಿತು. ಹದಿನೆಂಟು ತುಂಬಿದ ಮಗನಿಗೆ ಕಾನೂನಿನ ಕಣ್ಣಿನಲ್ಲಿ ತಂದೆ ಪಾಲಕನಲ್ಲ. ಪಾಸುಪುಸ್ತಕಕ್ಕೆ ಸಹಿ ಹಾಕಲಾರದ ಮಗ, ಅವನ ಪರವಾಗಿ ಸಹಿ ಹಾಕಲು ಹಕ್ಕಿಲ್ಲದ ತಂದೆ ಎಂಬ ಇಕ್ಕಟ್ಟಿಗೆ ಈ ಶಾಸನದ ಸ್ಥಳೀಯ ಸಮಿತಿಗಳು ಪಾಲಕತ್ವದ ಪತ್ರವನ್ನು ಕೊಡುವ ವ್ಯವಸ್ಥೆಯಾಯಿತು. ಆ ಪತ್ರವನ್ನು ನಂಬಿ ಬ್ಯಾಂಕುಗಳು ಖಾತೆ ತೆರೆಯಬಹುದೆಂದು ರಿಸರ್ವ್ ಬ್ಯಾಂಕು ೨೦೦೭ರಲ್ಲಿ ತಿಳಿಸಿತು. ೨೦೧೬ರ ಶಾಸನವು ವೈಕಲ್ಯಗಳ ಪಟ್ಟಿಯನ್ನು ೭ರಿಂದ ೨೧ಕ್ಕೆ ಏರಿಸಿತು; ಶೇಕಡ ೪೦ ಅಥವಾ ಹೆಚ್ಚಿನ ವೈಕಲ್ಯವುಳ್ಳ ೬ರಿಂದ ೧೮ ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು.

ಪತ್ರದ ಅರ್ಥವೇ ಇಲ್ಲಿ ತಿರುವು ಪಡೆಯಿತು. ಪೈಠಣದ ಪತ್ರ ಮಕ್ಕಳ ಶುದ್ಧಿಯನ್ನು ಹೇಳಬೇಕಾಗಿದ್ದ ಪತ್ರ. ಇಂದಿನ ಪತ್ರ ರಾಜ್ಯದ ಕರ್ತವ್ಯವನ್ನು ಹೇಳಬೇಕಾದ ಪತ್ರ. ಆದರೂ ಪತ್ರ ಪತ್ರವೇ. ಅದನ್ನು ಕೊಡುವ ಸಭೆಯೂ ಸಭೆಯೇ. ಈ ಮಾತಿಗೆ ಕನ್ನಡ ನಾಡಿನ ಅಂಚಿನಲ್ಲಿಯೇ ನಿದರ್ಶನವಿದೆ.

೫

ಕಾಸರಗೋಡು ಜಿಲ್ಲೆಯ ಗುಡ್ಡಗಳಲ್ಲಿ ಕೇರಳದ ತೋಟಗಾರಿಕಾ ನಿಗಮಕ್ಕೆ ಸುಮಾರು ೪,೬೦೦ ಹೆಕ್ಟೇರು ಗೇರುತೋಟವಿತ್ತು. ೧೯೭೦ರ ದಶಕದ ಕೊನೆಯ ಭಾಗದಿಂದ ೨೦೦೦ದವರೆಗೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಅಲ್ಲಿ ಸುರಿಯಲಾಯಿತು. ಕನ್ನಡ, ತುಳು, ಮಲಯಾಳ ಬೆರೆತ ಎಣ್ಮಕಜೆಯಂಥ ಗ್ರಾಮಗಳಲ್ಲಿ ಕೈಕಾಲು ಸೊಟ್ಟಗಾದ, ಬುದ್ಧಿ ಬೆಳೆಯದ, ಹಾಸಿಗೆ ಹಿಡಿದ ಮಕ್ಕಳು ಮನೆಮನೆಯಲ್ಲಿ ಕಾಣಿಸಿಕೊಂಡರು. ಊರವರು ಅದನ್ನು ಮೊದಲು ದೈವದ ಮುನಿಸೆಂದೇ ತಿಳಿದರು. ಪತ್ರಿಕೋದ್ಯಮಿ ಶ್ರೀಪಡ್ರೆಯವರು ವಿರೂಪದ ಕರುಗಳ ವಿಚಾರ ಬರೆದು ಎಚ್ಚರಿಸಿದರು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಮನೆಮನೆಯ ರೋಗಗಳ ವಿವರ ಕೂಡಿಸಿದರು. ಕೃಷಿ ಇಲಾಖೆಯ ಲೀಲಾಕುಮಾರಿಯಮ್ಮ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. ೨೦೧೧ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಆ ವಿಷಕ್ಕೆ ತಡೆ ಹಾಕಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಗೇರುತೋಟಗಳ ಕಥೆಯೂ ಇದೇ. ಅಲ್ಲಿಯೂ ಹೋರಾಟದ ಸಮಿತಿ ಹುಟ್ಟಿದ ಮೇಲೆಯೇ ಮಾಸಾಶನದ ಮಾತು ಕೇಳಿಬಂದಿತು.

ವಿಷ ನಿಂತ ಮೇಲೆ ಮಕ್ಕಳು ಉಳಿದರು. ಅವರ ತಾಯಂದಿರನ್ನೊಳಗೊಂಡು ಎಂಡೋಸಲ್ಫಾನ್ ಪೀಡಿತ ಜನಕೀಯ ಮುನ್ನಣಿಯೆಂಬ ಸಂಘಟನೆ ನಿಂತಿತು. ಇಲ್ಲಿ ಪೈಠಣದ ಸಭೆ ಹೊಸ ವೇಷದಲ್ಲಿ ಮತ್ತೆ ಕಾಣಿಸುತ್ತದೆ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಸೇರಿದರಷ್ಟೇ ನೆರವು. ಹೆಸರು ಸೇರಬೇಕಾದರೆ ವೈದ್ಯಶಿಬಿರದ ಒಪ್ಪಿಗೆ. ಮಗುವಿನ ಸ್ಥಿತಿಗೂ ಆ ವಿಷಕ್ಕೂ ಇರುವ ಸಂಬಂಧದ ಬಗೆಗೆ ವಿಜ್ಞಾನಿಗಳ ವಾದ ಮುಗಿದಿಲ್ಲವೆಂಬುದು ನಿಜ. ಆದರೆ ಆ ವಾದದ ಭಾರವನ್ನು ಕಂಕುಳಲ್ಲಿ ಮಗುವನ್ನು ಹೊತ್ತ ತಾಯಿಯ ಹೆಗಲಿಗೇರಿಸುವುದು ಕೋಣವನ್ನು ನುಡಿಸೆಂದು ಕೇಳಿದಂತೆಯೇ. ೨೦೧೭ರ ಶಿಬಿರದಲ್ಲಿ ಮೊದಲು ಗುರುತಿಸಿದ ೧,೯೦೫ ಮಂದಿಯಲ್ಲಿ ಬಹುಪಾಲು ಕೊನೆಯ ಪಟ್ಟಿಯಿಂದ ಬಿದ್ದುಹೋದರು. ತಾಯಂದಿರು ೨೦೧೬ರಲ್ಲಿಯೂ ಮತ್ತೆ ೨೦೧೯ರ ಆರಂಭದಲ್ಲಿಯೂ ಮಕ್ಕಳನ್ನು ಎತ್ತಿಕೊಂಡು, ಐನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ತಿರುವನಂತಪುರಕ್ಕೆ ಹೋಗಿ ಸಚಿವಾಲಯದ ಮುಂದೆ ಕುಳಿತರು. ಎರಡನೆಯ ಧರಣಿಯ ಬಳಿಕ, ಬಿಟ್ಟುಹೋದವರಲ್ಲಿ ಹದಿನೆಂಟು ತುಂಬದ ಮಕ್ಕಳನ್ನು ಸೇರಿಸಲು ಸರಕಾರ ಒಪ್ಪಿತು.

ಸಂಘದ ಬೆಲೆಯೇನೆಂಬುದನ್ನು ಇನ್ನೊಂದು ಲೆಕ್ಕವೂ ತಿಳಿಸುತ್ತದೆ. ಪ್ರತಿಯೊಬ್ಬ ಸಂತ್ರಸ್ತನಿಗೂ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೭ರ ಜನವರಿ ೧೦ರಂದು ಆಜ್ಞಾಪಿಸಿತ್ತು. ಐದು ವರ್ಷ ಕಳೆದು ೨೦೨೨ರ ಮೇ ತಿಂಗಳಲ್ಲಿ ವಿಚಾರಣೆಯಾದಾಗ, ಲೆಕ್ಕಕ್ಕೆ ಬಂದ ೩,೭೦೪ ಸಂತ್ರಸ್ತರಲ್ಲಿ ಹಣ ಪಡೆದವರು ಎಂಟು ಮಂದಿ. ಆ ಎಂಟು ಮಂದಿ ನ್ಯಾಯಾಲಯನಿಂದನೆಯ ಅರ್ಜಿ ಹಾಕಿದವರೇ. ಆಜ್ಞೆ ಎಲ್ಲರಿಗೂ ಒಂದೇ, ಪತ್ರ ಎಲ್ಲರ ಕೈಯಲ್ಲಿಯೂ ಒಂದೇ. ಫಲ ಮಾತ್ರ ಮತ್ತೆ ಬಾಗಿಲು ತಟ್ಟಿದವರಿಗೆ. ಹಕ್ಕನ್ನು ಶಾಸನದಲ್ಲಿ ಬರೆಯುವುದು ಅರ್ಧ ಕೆಲಸ. ಅದನ್ನು ಬರೆದವರಿಗೆ ನೆನಪಿಸುವ ಜನ ಉಳಿದ ಅರ್ಧ.

೬

ಈ ನೋವನ್ನು ವಸ್ತುವಾಗಿಸಿಕೊಂಡ ಕೃತಿಗಳಲ್ಲಿ ಅಂಬಿಕಾಸುತನ್ ಮಾಂಗಾಡರ ಮಲಯಾಳ ಕಾದಂಬರಿ ಎಣ್ಮಕಜೆ (೨೦೦೯) ಮುಖ್ಯವಾದುದು. ಇದರ ಇಂಗ್ಲಿಷ್ ಅನುವಾದ ೨೦೧೭ರಲ್ಲಿ ಸ್ವರ್ಗ ಎಂಬ ಹೆಸರಿನಿಂದ ಹೊರಬಂದಿತು. ಲೋಕವನ್ನು ತೊರೆದು ಜಡಧಾರಿ ಬೆಟ್ಟದಲ್ಲಿ ನೆಲಸಿದ ನೀಲಕಂಠನ್, ದೇವಯಾನಿ ಎಂಬವರ ಗುಡಿಸಲಿಗೆ ಮೈಯೆಲ್ಲ ವ್ರಣವಾದ ಕೂಸೊಂದು ಬರುತ್ತದೆ. ಕೂಸನ್ನು ತಂದವಳು ದೇವಯಾನಿ. ಅದನ್ನು ಇಟ್ಟುಕೊಳ್ಳುವುದೇ ಬೇಡವೇ ಎಂಬ ಪ್ರಶ್ನೆಯಿಂದ ಅವರಿಬ್ಬರ ಬಾಳು ಮತ್ತೆ ಊರಿನ ಕಡೆಗೆ ತಿರುಗುತ್ತದೆ. ಅವರು ಆ ಕೂ಼ಸನ್ನು ಹೆತ್ತವರಲ್ಲವೆಂಬುದೇ ಕಾದಂಬರಿಯ ಬಲ. ಇಂಥ ಮಗುವಿನ ಹೊಣೆ ಹೆತ್ತವರ ಹಣೆಬರಹವಲ್ಲ, ಕಂಡವರ ಧರ್ಮವೆಂದು ಅದು ಕಥನದಿಂದಲೇ ಸ್ಥಾಪಿಸುತ್ತದೆ. ಆದರೆ ಕೃತಿಯ ಒಲವು ಊರಿಗಿಂತ ಕಾಡಿಗೆ, ಶಾಸನಕ್ಕಿಂತ ಪುರಾಣಕ್ಕೆ ಹೆಚ್ಚು. ವಿಷದ ಭೀಕರತೆ ಅಲ್ಲಿ ಮೈನಡುಗಿಸುವಂತೆ ಬಂದಿದೆ; ಅರ್ಜಿ, ಪಟ್ಟಿ, ಧರಣಿಗಳ ದೀರ್ಘವಾದ ಸಹನೆಗೆ ಅಷ್ಟು ಸ್ಥಳ ದೊರೆತಿಲ್ಲ. ಆ ಸಹನೆಯ ಕಾದಂಬರಿ ಕನ್ನಡದಲ್ಲಾದರೂ ಹುಟ್ಟಬೇಕಾಗಿದೆ.

ದೇವಯಾನಿಯ ಈ ನಡತೆಗೆ ಪೈಠಣದಲ್ಲಿಯೇ ಪೂರ್ವಸ್ಮೃತಿಯುಂಟು. ಅದೇ ಮೂರನೆಯ ಕಥೆ. ಹದಿನಾರನೆಯ ಶತಮಾನದ ಏಕನಾಥ ಮಟಮಟ ಮಧ್ಯಾಹ್ನದಲ್ಲಿ ಗೋದಾವರಿಯಿಂದ ಹಿಂದಿರುಗುವಾಗ, ಅಸ್ಪೃಶ್ಯರೆನಿಸಿಕೊಂಡವರ ಕೂಸೊಂದು ಕಾದ ಮರಳಿನಲ್ಲಿ ದಾರಿತಪ್ಪಿ ಅಳುತ್ತಿತ್ತು. ಅವನು ಅದನ್ನು ಎತ್ತಿಕೊಂಡು ಅದರ ಮನೆಗೆ ಮುಟ್ಟಿಸಿದನು. ಈ ಕಥೆಯಲ್ಲಿ ಸಭೆಯಿಲ್ಲ, ಪತ್ರವಿಲ್ಲ, ಪವಾಡವಿಲ್ಲ. ಕೂಸು ತಾನು ಯಾರೆಂದು ರುಜುವಾತು ಮಾಡಲಿಲ್ಲ; ಕಾಲು ಸುಡುತ್ತಿದೆಯೆಂಬುದೇ ಸಾಕಾದ ರುಜುವಾತಾಯಿತು. ಜ್ಞಾನೇಶ್ವರಿಯ ಪಾಠವನ್ನು ೧೫೮೪ರಲ್ಲಿ ಶೋಧಿಸಿ ಶುದ್ಧಗೊಳಿಸಿದವನೂ ಈ ಏಕನಾಥನೇ. ಶುದ್ಧಿಪತ್ರಕ್ಕಾಗಿ ಕಾಡಿಸಿದ ಊರು ಮುನ್ನೂರು ವರ್ಷಗಳಲ್ಲಿ ಇಷ್ಟು ದೂರ ನಡೆದಿತ್ತು.

೭

ತಾಯ್ತಂದೆಯರ ಸಂಘಗಳ ಮೇಲೆಯೂ ಒಂದು ಆಕ್ಷೇಪವಿದೆ. ಅದನ್ನು ಮರೆಮಾಚಿದರೆ ವಿಮರ್ಶೆ ಸ್ತುತಿಯಾದೀತು. ಮಗುವಿನ ಪರವಾಗಿ ನುಡಿಯುವವರು ಕ್ರಮೇಣ ಮಗುವಿನ ಬದಲಾಗಿ ನುಡಿಯತೊಡಗುತ್ತಾರೆ. ನಲವತ್ತು ವರ್ಷದ ಮಗನೂ ಸಂಘದ ಪತ್ರಗಳಲ್ಲಿ ಮಗುವೇ. ವಿಕಲಚೇತನರು ತಮ್ಮ ವಿಚಾರವನ್ನು ತಾವೇ ಹೇಳಬೇಕೆಂಬ ತತ್ತ್ವವನ್ನು ೨೦೦೬ರ ವಿಶ್ವಸಂಸ್ಥೆಯ ಒಡಂಬಡಿಕೆ ಎತ್ತಿಹಿಡಿಯಿತು. ಭಾರತ ೨೦೦೭ರಲ್ಲಿ ಅದನ್ನು ಸ್ಥಿರೀಕರಿಸಿತು. ೨೦೧೬ರ ಶಾಸನ ಮಿತಪಾಲಕತ್ವವನ್ನು ಹೇಳಿತು. ಎಂದರೆ ಪಾಲಕನು ಆ ವ್ಯಕ್ತಿಯೊಡನೆ ವಿಚಾರಿಸಿ, ಬೇಕಾದಷ್ಟು ವಿಷಯಕ್ಕೆ ಮಾತ್ರ ನಿರ್ಣಯಿಸಬೇಕು. ೧೯೯೯ರ ಶಾಸನದ ಪೂರ್ಣ ಪಾಲಕತ್ವದೊಡನೆ ಈ ತತ್ತ್ವ ಸುಲಭವಾಗಿ ಹೊಂದುವುದಿಲ್ಲ. ಮಿಥು ಅಲೂರರ ಮಗಳು ಮಾಲಿನಿ ಛಿಬ್ ತನ್ನ ಒಂದೇ ಬೆರಳಿನಿಂದ ಅಕ್ಷರಗಳನ್ನೊತ್ತಿ ಆತ್ಮಕಥೆಯನ್ನು ಬರೆದಳೆಂಬುದು ಇಲ್ಲಿ ನೆನೆಯತಕ್ಕದ್ದು: ತಾಯಿ ಶಾಲೆ ಕಟ್ಟಿದಳು, ಮಗಳು ತನ್ನ ಮಾತನ್ನು ತಾನೇ ಕಟ್ಟಿದಳು. ಆದರೆ ಮಾತೇ ಬಾರದ, ಬೆರಳೂ ಆಡದ ಮಕ್ಕಳೂ ಇದ್ದಾರೆ. ಅವರ ಪರವಾಗಿ ಯಾರಾದರೂ ನುಡಿಯಲೇಬೇಕು. ಹಾಗೆ ನುಡಿಯುವವರು ಒಬ್ಬರಾಗಿರುವುದಕ್ಕಿಂತ ಹಲವರಾಗಿರುವುದು ಕ್ಷೇಮ. ಒಬ್ಬರ ಮೋಹವನ್ನೂ ದಣಿವನ್ನೂ ಇನ್ನೊಬ್ಬರು ತಿದ್ದಬಹುದು. ಒಳ್ಳೆಯ ಸಂಘವೆಂದರೆ ಮಗುವಿಗೆ ನುಡಿಯಲು ಸಾಧ್ಯವಾದಷ್ಟು ಮಟ್ಟಿಗೆ ತಾನು ಮೌನವಾಗಲು ಕಲಿತ ಸಂಘ.

ಈ ವಿವೇಚನೆಯಿಂದ ಫಲಿಸುವುದಿಷ್ಟು. ಪರಂಪರೆ ಹೊಂದದ ಮಗುವಿನ ಮುಂದೆ ಎರಡು ದಾರಿಗಳನ್ನಿಟ್ಟಿತ್ತು: ಹೆತ್ತವರ ಬಲಿ ಅಥವಾ ಮಗುವಿನ ಪವಾಡ. ತಾಯ್ತಂದೆಯರ ಸಂಘವು ಇವೆರಡನ್ನೂ ನಿರಾಕರಿಸುತ್ತದೆ. ಅದು ತ್ಯಾಗವನ್ನು ಹೊಗಳಿಸಿಕೊಳ್ಳಲು ಬಂದುದಲ್ಲ, ತ್ಯಾಗ ಬೇಡವಾಗುವಂಥ ವ್ಯವಸ್ಥೆಯನ್ನು ಕೇಳಲು ಬಂದುದು. ಪೈಠಣದ ಐತಿಹ್ಯಗಳಲ್ಲಿ ಅದಕ್ಕೆ ಬೇಕಾದ ಆಧಾರಗಳು ಆಗಲೇ ಇವೆ: ಪುಸ್ತಕವನ್ನು ತಿದ್ದಿದ ಶರ್ವವರ್ಮ ಒಂದು ಕಡೆ, ಕೂಸನ್ನು ಎತ್ತಿಕೊಂಡ ಏಕನಾಥ ಇನ್ನೊಂದು ಕಡೆ. ಇವರಿಬ್ಬರ ನಡುವೆ ಒಂಟಿಯಾಗಿ ನಿಂತ ವಿಠ್ಠಲಪಂತನಿಗೆ ದೊರೆಯದೆ ಹೋದದ್ದು ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬ ತಂದೆ. ಎಣ್ಮಕಜೆಯ ತಾಯಿಗೆ ಆ ಜೊತೆ ದೊರೆತಿದೆ. ಪಟ್ಟಿಯಲ್ಲಿ ಇನ್ನೂ ಹೆಸರಿಲ್ಲದ ಮಗುವಿನ ಮನೆಗೂ ಅದು ದೊರೆಯಬೇಕಾಗಿದೆ.